ಗಂಗಾಮೂಲದಿಂದ ಮುಕ್ತಿಯವರೆಗೆ: ಪಂಡಿತಾ ರಮಾಬಾಯಿ ನಡೆದ ದಾರಿ

ತುಂಗಾ, ಭದ್ರಾ, ನೇತ್ರಾವತಿ ನದಿಗಳ ಉಗಮಸ್ಥಾನವೆಂದು ಹೆಸರಾದ ಗಂಗಾಮೂಲದ ಕಾಡಿನಲ್ಲಿ 1858ರ ಏಪ್ರಿಲ್ 23ರಂದು ಒಂದು ಹೆಣ್ಣುಮಗು ಜನಿಸಿತು. ಭಾಗವತ ಪುರಾಣವನ್ನು ಕಂಠಸ್ಥ ಮಾಡಿಕೊಂಡು ಬೆಳೆದ ಆ ಮಗು ಮುಂದೆ ಕಲ್ಕತ್ತದ ವಿದ್ವಾಂಸರಿಂದ ಪಂಡಿತಾ ಎಂಬ ಬಿರುದು ಪಡೆಯಿತು. ಇಂಗ್ಲೆಂಡಿನಲ್ಲಿ ಕ್ರೈಸ್ತ ದೀಕ್ಷೆ ಸ್ವೀಕರಿಸಿತು. ಮಹಾರಾಷ್ಟ್ರದ ಕೇಡಗಾಂವ್‌ನಲ್ಲಿ ಸಾವಿರಾರು ಅನಾಥ ಹೆಣ್ಣುಮಕ್ಕಳಿಗೆ ತಾಯಿಯಾಯಿತು. ಅವರೇ ಪಂಡಿತಾ ರಮಾಬಾಯಿ.

ರಮಾಬಾಯಿ ಅವರ ಮತಾಂತರದ ಬಗ್ಗೆ ಅವರ ಕಾಲದಲ್ಲಿಯೇ ಬಹಳ ಚರ್ಚೆ ನಡೆಯಿತು. ಹೊಗಳಿದವರೂ ತೆಗಳಿದವರೂ ಅದನ್ನು ಒಂದು ದಿನ ನಡೆದು ಮುಗಿದ ಘಟನೆಯೆಂದೇ ಭಾವಿಸಿದರು. ವಾಸ್ತವವಾಗಿ ಅದು ಸುಮಾರು 40 ವರ್ಷಗಳ ನಡಿಗೆ. ದೀಕ್ಷೆ ಪಡೆದ ಮೇಲೂ ಅವರು ಪ್ರಶ್ನೆ ಕೇಳುವುದನ್ನು ನಿಲ್ಲಿಸಲಿಲ್ಲ, ಕಲಿಯುವುದನ್ನು ಬಿಡಲಿಲ್ಲ. ನಂಬಿಕೆಯಲ್ಲಿ ಒಂದು ಹೆಜ್ಜೆ ಮುಂದಿಟ್ಟಾಗಲೆಲ್ಲ ಅದಕ್ಕೆ ತಕ್ಕ ಬೆಲೆಯನ್ನೂ ತೆತ್ತರು.

ಕಾಡಿನಲ್ಲಿ ಪಾಠ, ದಾರಿಯಲ್ಲಿ ಹಸಿವು

ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಸಮೀಪದ ಮಾಳದ ಚಿತ್ಪಾವನ ಬ್ರಾಹ್ಮಣರು, ಸಂಸ್ಕೃತದಲ್ಲಿ ಮಹಾ ಪಂಡಿತರು. ಪುಣೆಯಲ್ಲಿ ವಿದ್ಯಾಭ್ಯಾಸ ಮಾಡುತ್ತಿದ್ದಾಗ ತಮ್ಮ ಗುರುಗಳು ಪೇಶ್ವೆಯವರ ಪತ್ನಿಗೆ ಸಂಸ್ಕೃತ ಕಲಿಸುತ್ತಿದ್ದುದನ್ನು ಅವರು ಕಂಡಿದ್ದರು. ಹೆಣ್ಣು ಓದಬಾರದೇಕೆ ಎಂಬ ಪ್ರಶ್ನೆ ಅಂದೇ ಅವರ ಮನಸ್ಸಿನಲ್ಲಿ ಮೂಡಿತು. ಪತ್ನಿ ಲಕ್ಷ್ಮೀಬಾಯಿ ಅವರಿಗೆ ಸಂಸ್ಕೃತ ಕಲಿಸಲಾರಂಭಿಸಿದಾಗ ಊರಿನವರು ವಿರೋಧಿಸಿದರು. ಶಾಸ್ತ್ರಿಗಳು ಹಟ ಬಿಡದೆ ಗಂಗಾಮೂಲದ ಕಾಡಿಗೆ ಹೋಗಿ ನೆಲೆಸಿ, ಅಲ್ಲಿಯೇ ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತ ಬದುಕಿದರು.

ರಮಾಬಾಯಿ ಆರು ತಿಂಗಳ ಕೂಸಾಗಿದ್ದಾಗ ಮನೆತನಕ್ಕೆ ಬಡತನ ಬಂದೊದಗಿತು. ಮಗುವನ್ನು ಬೆತ್ತದ ಬುಟ್ಟಿಯಲ್ಲಿಟ್ಟು, ಹೊರಿಸಿಕೊಂಡು ಕುಟುಂಬ ತೀರ್ಥಯಾತ್ರೆಗೆ ಹೊರಟಿತು. ಅಂದಿನಿಂದ ಆ ಕುಟುಂಬಕ್ಕೆ ನಿಂತ ನೆಲೆ ಎಂಬುದೇ ಇರಲಿಲ್ಲ. ಕ್ಷೇತ್ರದಿಂದ ಕ್ಷೇತ್ರಕ್ಕೆ ಹೋಗಿ ಪುರಾಣ ಹೇಳುವುದೇ ಜೀವನೋಪಾಯವಾಯಿತು. ತಾಯಿಯೇ ಮಗಳಿಗೆ ಸಂಸ್ಕೃತದ ಗುರುವಾದರು.

1870ರ ದಶಕದ ಬರಗಾಲ ಈ ಕುಟುಂಬವನ್ನು ನುಂಗಿತು. ಕೂಲಿ ಮಾಡಿ ತಿಳಿಯದ, ಬೇಡಿ ತಿನ್ನಲು ಮನಸ್ಸೊಪ್ಪದ ಆ ಜನ ವ್ರತ, ದಾನಗಳಿಗೆ ಇದ್ದುದನ್ನೆಲ್ಲ ಕಳೆದು ಕೊನೆಗೆ ಎಲೆಗಳನ್ನು ತಿಂದು ದಿನ ದೂಡಿದರು. 1874ರಲ್ಲಿ ತಂದೆ ತೀರಿಕೊಂಡರು. ಸ್ವಲ್ಪ ಕಾಲದಲ್ಲೇ ತಾಯಿಯೂ, ಬಳಿಕ ಅಕ್ಕನೂ ಹೋದರು. ಉಳಿದವರು ರಮಾಬಾಯಿ ಮತ್ತು ಅಣ್ಣ ಶ್ರೀನಿವಾಸ. ಇಬ್ಬರೂ ಬಹುಪಾಲು ಬರಿಗಾಲಲ್ಲಿ ದೇಶ ಸುತ್ತಿ 1878ರಲ್ಲಿ ಕಲ್ಕತ್ತ ತಲುಪಿದರು.

ಕಲ್ಕತ್ತ ಈ ಇಪ್ಪತ್ತರ ಹೆಣ್ಣುಮಗಳ ಪಾಂಡಿತ್ಯಕ್ಕೆ ಬೆರಗಾಯಿತು. ಪಂಡಿತಾ, ಸರಸ್ವತಿ ಎಂಬ ಬಿರುದುಗಳು ಬಂದವು. ಬ್ರಹ್ಮಸಮಾಜದ ಕೇಶವಚಂದ್ರ ಸೇನರು ವೇದಗಳನ್ನೂ ಓದುವಂತೆ ಸೂಚಿಸಿದರು. ಆದರೆ ಧರ್ಮಶಾಸ್ತ್ರಗಳನ್ನು ಆಳವಾಗಿ ಓದಿದಷ್ಟೂ ಅವರ ಅಸಮಾಧಾನ ಹೆಚ್ಚಿತು. ಗ್ರಂಥಗಳು ಬೇರೆ ವಿಷಯಗಳಲ್ಲಿ ಪರಸ್ಪರ ಎಷ್ಟೇ ಭಿನ್ನವಾಗಿದ್ದರೂ ಹೆಣ್ಣನ್ನೂ ಶೂದ್ರರನ್ನೂ ಮೋಕ್ಷದಿಂದ ದೂರವಿಡುವ ವಿಷಯದಲ್ಲಿ ಒಂದೇ ಮಾತಾಡುತ್ತವೆ ಎಂಬ ನಿರ್ಧಾರಕ್ಕೆ ಅವರು ಬಂದರು.

1880ರಲ್ಲಿ ಅಣ್ಣ ಢಾಕಾದಲ್ಲಿ ನಿಧನರಾದರು. ಅದೇ ವರ್ಷದ ನವೆಂಬರಿನಲ್ಲಿ ರಮಾಬಾಯಿ, ಜಾತಿಯ ಕಟ್ಟು ಮೀರಿ, ಬಂಗಾಳಿ ವಕೀಲ ಬಿಪಿನ್ ಬಿಹಾರಿ ದಾಸ್ ಮೇಧ್ವಿ ಅವರನ್ನು ಸಿವಿಲ್ ವಿವಾಹವಾದರು. ಅಸ್ಸಾಮಿನ ಸಿಲ್ಚಾರ್‌ನಲ್ಲಿ ಸಂಸಾರ ಹೂಡಿದರು. 1881ರ ಏಪ್ರಿಲ್‌ನಲ್ಲಿ ಮಗಳು ಮನೋರಮಾ ಹುಟ್ಟಿದಳು. ಮರುವರ್ಷ ಫೆಬ್ರುವರಿಯಲ್ಲಿ ಕಾಲರಾ ಪತಿಯನ್ನು ಕೊಂಡೊಯ್ದಿತು. ಇಪ್ಪತ್ತಮೂರರ ಹರೆಯದಲ್ಲಿ ರಮಾಬಾಯಿ ವಿಧವೆಯಾದರು.

ಸಿಲ್ಚಾರ್‌ನ ಆ ಮನೆಯ ಪುಸ್ತಕಗಳ ನಡುವೆ ಅವರಿಗೆ ಬಂಗಾಳಿ ಭಾಷೆಯ ಲೂಕನ ಸುವಾರ್ತೆಯ ಪ್ರತಿಯೊಂದು ಸಿಕ್ಕಿತ್ತು. ಆಸಕ್ತಿಯಿಂದ ಓದಿದರು, ಊರಿಗೆ ಬರುತ್ತಿದ್ದ ಬ್ಯಾಪ್ಟಿಸ್ಟ್ ಪಾದ್ರಿಯೊಬ್ಬರಿಂದ ವಿವರಣೆಯನ್ನೂ ಕೇಳಿದರು. ಅದು ಪತಿಗೆ ಹಿಡಿಸಲಿಲ್ಲ. ಮಾತು ಅಲ್ಲಿಗೇ ನಿಂತಿತು. ಬೀಜ ಮಾತ್ರ ಉಳಿಯಿತು.

ದೀಕ್ಷೆ, ಅದರ ಬೆನ್ನಿಗೆ ಪ್ರಶ್ನೆಗಳು

1882ರಲ್ಲಿ ಪುಣೆಗೆ ಬಂದ ರಮಾಬಾಯಿ ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು, ಸ್ತ್ರೀಧರ್ಮನೀತಿ ಎಂಬ ಮರಾಠಿ ಪುಸ್ತಕ ಬರೆದರು. ಹಂಟರ್ ಶಿಕ್ಷಣ ಆಯೋಗದ ಮುಂದೆ ಹಾಜರಾಗಿ, ಹೆಣ್ಣುಮಕ್ಕಳಿಗೆ ಶಿಕ್ಷಕಿಯರೂ ವೈದ್ಯೆಯರೂ ಬೇಕೆಂದು ವಾದಿಸಿದರು. ವೈದ್ಯಶಾಸ್ತ್ರವನ್ನು ತಾವೇ ಕಲಿಯಬೇಕೆಂಬ ಆಸೆಯಿಂದ 1883ರಲ್ಲಿ ಪುಟ್ಟ ಮಗಳೊಂದಿಗೆ ಇಂಗ್ಲೆಂಡಿಗೆ ಹಡಗು ಹತ್ತಿದರು. ಕಿವಿ ಮಂದವಾಗಿದ್ದ ಕಾರಣ ಆ ಆಸೆ ಈಡೇರಲಿಲ್ಲ.

ವಾಂಟೇಜ್‌ನಲ್ಲಿ ಆಂಗ್ಲಿಕನ್ ಸನ್ಯಾಸಿನಿಯರು ಅವರಿಗೆ ಆಶ್ರಯ ನೀಡಿದರು. ಲಂಡನ್ನಿನ ಫುಲ್‌ಹ್ಯಾಮ್‌ನಲ್ಲಿ ಅದೇ ಸನ್ಯಾಸಿನಿಯರು ನಡೆಸುತ್ತಿದ್ದ ಆಶ್ರಮವೊಂದನ್ನು ಕಂಡದ್ದು ರಮಾಬಾಯಿ ಅವರ ಬಾಳಿನ ತಿರುವಾಯಿತು. ಸಮಾಜ ದಾರಿ ತಪ್ಪಿದವರೆಂದು ಹೊರಹಾಕಿದ ಹೆಂಗಸರನ್ನು ಅಲ್ಲಿ ಅಕ್ಕತಂಗಿಯರಂತೆ ಉಪಚರಿಸಲಾಗುತ್ತಿತ್ತು. ಇಂತಹ ಹೆಣ್ಣುಗಳ ಬಗ್ಗೆ ಶಾಸ್ತ್ರಗಳು ವಿಧಿಸುವ ಕಠೋರ ಶಿಕ್ಷೆಗಳನ್ನು ಓದಿ ಬಲ್ಲ ಅವರಿಗೆ ಇದು ಹೊಸದು. ಕಾರಣ ಕೇಳಿದಾಗ ಸನ್ಯಾಸಿನಿಯೊಬ್ಬರು ಯೋಹಾನನ ಸುವಾರ್ತೆಯಲ್ಲಿ ಬರುವ ಸಮಾರ್ಯದ ಹೆಂಗಸಿನ ಕಥೆಯನ್ನು ಓದಿ ಹೇಳಿದರು. ಬಾವಿಯ ಬಳಿ ನೀರು ಕೇಳಿ, ಯಾರೂ ಮಾತಾಡಿಸದ ಹೆಣ್ಣಿನೊಡನೆ ದೇವರ ವಿಚಾರ ಮಾತಾಡಿದ ಯೇಸು ಅವರ ಮನಸ್ಸನ್ನು ಗೆದ್ದರು. 1883ರ ಸೆಪ್ಟೆಂಬರ್ 29ರಂದು ತಾಯಿ ಮಗಳಿಬ್ಬರೂ ದೀಕ್ಷಾಸ್ನಾನ ಪಡೆದರು.

ಸ್ವದೇಶದಲ್ಲಿ ಕೋಲಾಹಲವೆದ್ದಿತು. ಆಳುವವರ ಧರ್ಮವನ್ನು ಅಪ್ಪಿದರೆಂದು ಪುಣೆಯ ಪತ್ರಿಕೆಗಳು ಖಂಡಿಸಿದವು. ಜ್ಯೋತಿರಾವ್ ಫುಲೆ ಅವರಂತಹ ಕೆಲವರು ಮಾತ್ರ ಬೆಂಬಲಕ್ಕೆ ನಿಂತರು.

ಇತ್ತ ಇಂಗ್ಲೆಂಡಿನಲ್ಲಿಯೂ ಅವರು ವಿಧೇಯ ಶಿಷ್ಯೆಯಾಗಲಿಲ್ಲ. ಚೆಲ್ಟೆನ್‌ಹ್ಯಾಮ್ ಮಹಿಳಾ ಕಾಲೇಜಿನಲ್ಲಿ ಓದುತ್ತ, ಸಂಸ್ಕೃತ ಕಲಿಸುತ್ತ ಇದ್ದ ದಿನಗಳಲ್ಲಿ ಸಿಸ್ಟರ್ ಜೆರಾಲ್ಡಿನ್ ಅವರೊಡನೆ ನಡೆಸಿದ ಪತ್ರವ್ಯವಹಾರ ಇದಕ್ಕೆ ಸಾಕ್ಷಿ. ತ್ರಯೇಕ ದೇವರ ಸಿದ್ಧಾಂತವನ್ನು ಬುದ್ಧಿಗೆ ಒಪ್ಪಿಗೆಯಾಗುವವರೆಗೂ ಅವರು ಪ್ರಶ್ನಿಸಿದರು. ಕೊರಳಿಗೆ ಧರಿಸುವ ಶಿಲುಬೆಯ ಮೇಲೆ ತಮಗೆ ಸಂಬಂಧವಿಲ್ಲದ ಲ್ಯಾಟಿನ್ ಬರಹವೇಕೆ, ಸಂಸ್ಕೃತ ಏಕಾಗದು ಎಂದು ಕೇಳಿದರು. ಭಾರತೀಯ ಹೆಣ್ಣು ಇಂಗ್ಲಿಷ್ ಯುವಕರಿಗೆ ಪಾಠ ಹೇಳಬಾರದೆಂದು ಬಿಷಪ್ಪರು ಆಕ್ಷೇಪಿಸಿದಾಗ ಆ ಅಧಿಕಾರವನ್ನೇ ಒಪ್ಪಲಿಲ್ಲ. ತಮ್ಮ ಆತ್ಮಸಾಕ್ಷಿಯನ್ನು ಪಂಡಿತರ ಕೈಯಿಂದ ಬಿಡಿಸಿಕೊಂಡು ಬಂದದ್ದು ಪಾದ್ರಿಗಳ ಕೈಗೆ ಒಪ್ಪಿಸುವುದಕ್ಕಲ್ಲ ಎಂಬುದು ಅವರ ನಿಲುವು. ಸಸ್ಯಾಹಾರವನ್ನೂ ದೇಶೀಯ ಉಡುಪನ್ನೂ ಅವರು ಬಿಡಲಿಲ್ಲ.

ಶಾರದಾ ಸದನದ ಬಿರುಗಾಳಿ

1886ರಲ್ಲಿ ಆನಂದಿಬಾಯಿ ಜೋಶಿ ಅವರು ಫಿಲಡೆಲ್ಫಿಯಾದಲ್ಲಿ ವೈದ್ಯ ಪದವಿ ಪಡೆಯುವ ಸಮಾರಂಭಕ್ಕೆಂದು ರಮಾಬಾಯಿ ಅಮೆರಿಕಕ್ಕೆ ತೆರಳಿದರು. ಮೇಲ್ಜಾತಿಯ ಹಿಂದೂ ಮಹಿಳೆಯ ಸ್ಥಿತಿಗತಿಯನ್ನು ಕುರಿತು ಅವರು ಇಂಗ್ಲಿಷಿನಲ್ಲಿ ಬರೆದ ಪುಸ್ತಕ 1887ರಲ್ಲಿ ಪ್ರಕಟವಾಯಿತು. ಅದೇ ವರ್ಷ ಬಾಸ್ಟನ್‌ನಲ್ಲಿ ರಮಾಬಾಯಿ ಸಂಘ ಹುಟ್ಟಿತು. ಹತ್ತು ವರ್ಷಗಳ ಕಾಲ ವಿಧವೆಯರ ಶಾಲೆಗೆ ಹಣ ಒದಗಿಸುವ ಭರವಸೆ ದೊರೆಯಿತು.

1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಶಾರದಾ ಸದನ ಆರಂಭವಾಯಿತು. ಮರುವರ್ಷ ಅದು ಪುಣೆಗೆ ಸ್ಥಳಾಂತರಗೊಂಡಿತು. ಯಾವ ವಿದ್ಯಾರ್ಥಿನಿಯ ಧರ್ಮಕ್ಕೂ ಅಡ್ಡಿಪಡಿಸುವುದಿಲ್ಲ ಎಂಬುದು ಶಾಲೆಯ ನಿಯಮ. ರಾನಡೆ, ಭಂಡಾರ್ಕರ್ ಅವರಂತಹ ಸುಧಾರಕರು ಸಲಹಾ ಮಂಡಳಿಯಲ್ಲಿದ್ದರು. ಮಹರ್ಷಿ ಕರ್ವೆ ಅವರು 1893ರಲ್ಲಿ ವಿವಾಹವಾದ ಬಾಲವಿಧವೆ ಗೋದೂಬಾಯಿ ಇದೇ ಶಾಲೆಯ ವಿದ್ಯಾರ್ಥಿನಿ.

ಈ ನಡುವೆ, 1891ರ ಸುಮಾರಿಗೆ, ರಮಾಬಾಯಿ ಅವರ ಒಳಬದುಕಿನಲ್ಲಿ ಇನ್ನೊಂದು ತಿರುವು ಬಂದಿತು. ಆಂಗ್ಲಿಕನ್ ಪಾದ್ರಿಯೊಬ್ಬರ ಆತ್ಮಕಥೆ ಓದುತ್ತಿದ್ದಾಗ, ಎಂಟು ವರ್ಷಗಳಿಂದ ತಾವು ಕ್ರೈಸ್ತ ಧರ್ಮವನ್ನು ಅರಿತಿದ್ದರೂ ಕ್ರಿಸ್ತನನ್ನೇ ಅರಿತಿರಲಿಲ್ಲ ಎಂದು ಅವರಿಗೆ ತೋರಿತು. ಅಲ್ಲಿಯವರೆಗೆ ಬುದ್ಧಿ ಒಪ್ಪಿದ್ದ ಸಿದ್ಧಾಂತ ಇನ್ನು ಮೇಲೆ ಹೃದಯದ ಅನುಭವವಾಯಿತು. ದೀಕ್ಷೆಯನ್ನು ಗುರಿಯೆಂದು ತಿಳಿದವರಿಗೆ ಇಂತಹ ಅರಿವು ಮೂಡುವುದು ಸುಲಭವಲ್ಲ. ದೇಶವಿದೇಶಗಳಲ್ಲಿ ಹೆಸರಾದ ಮೇಲೆ, ತಮ್ಮಲ್ಲಿ ಇನ್ನೂ ಕೊರತೆಯಿದೆ ಎಂದು ಒಪ್ಪಿಕೊಂಡದ್ದು ಅವರ ದೊಡ್ಡತನ.

ಈ ಬದಲಾವಣೆಯ ಪರಿಣಾಮ ಶಾಲೆಯ ಮೇಲೂ ಆಯಿತು. ರಮಾಬಾಯಿ ತಮ್ಮ ಕೋಣೆಯ ಬಾಗಿಲು ತೆರೆದಿಟ್ಟು ಪ್ರಾರ್ಥನೆ ಮಾಡುತ್ತಿದ್ದರು. ಬಂದು ಕೂರುವ ಹುಡುಗಿಯರನ್ನು ತಡೆಯುತ್ತಿರಲಿಲ್ಲ. ಕರೆಯಲೂ ಇಲ್ಲ, ಕಳಿಸಲೂ ಇಲ್ಲ ಎಂಬುದು ಅವರ ಸಮರ್ಥನೆ. ತಾಯಿಯ ಸ್ಥಾನದಲ್ಲಿರುವವಳ ಪ್ರಾರ್ಥನೆ ಎಳೆಯ ಮನಸ್ಸುಗಳಿಗೆ ಕರೆಯೇ ಅಲ್ಲವೇ ಎಂಬುದು ವಿರೋಧಿಗಳ ವಾದ. ಟಿಳಕರ ಕೇಸರಿ ಪತ್ರಿಕೆ ಉಗ್ರವಾಗಿ ಟೀಕಿಸಿತು. 1893ರಲ್ಲಿ ಸಲಹಾ ಮಂಡಳಿಯ ಸದಸ್ಯರು ರಾಜೀನಾಮೆ ನೀಡಿದರು. ಹಲವು ಪೋಷಕರು ಮಕ್ಕಳನ್ನು ಬಿಡಿಸಿ ಕರೆದೊಯ್ದರು. ಒಂದು ಕಾಲಕ್ಕೆ ಜೊತೆಗಿದ್ದ ಸುಧಾರಕರನ್ನು ಕಳೆದುಕೊಂಡ ಈ ನಷ್ಟ ಮುಂದೆಂದೂ ತುಂಬಿಬರಲಿಲ್ಲ. ಆ ವಾಗ್ವಾದವನ್ನು ಇತಿಹಾಸಕಾರರು ಇಂದಿಗೂ ಎರಡೂ ಬದಿಯಿಂದ ನೋಡುತ್ತಾರೆ.

ಹಸಿದವರ ಮುಕ್ತಿ

1896ರಲ್ಲಿ ಮಧ್ಯಪ್ರಾಂತ್ಯದಲ್ಲಿ ಭೀಕರ ಕ್ಷಾಮ ತಲೆದೋರಿತು. ಹಸಿವಿನಿಂದ ಮನೆಮಂದಿಯನ್ನು ಕಳೆದುಕೊಂಡಿದ್ದ ರಮಾಬಾಯಿ ಅವರಿಗೆ ಆ ಸುದ್ದಿ ಕೇವಲ ಸುದ್ದಿಯಾಗಿರಲಿಲ್ಲ. ಕೈಯಲ್ಲಿ ಹಣವಿಲ್ಲದಿದ್ದರೂ ಹೊರಟರು. ನಿರಾಶ್ರಿತರ ಶಿಬಿರಗಳಲ್ಲಿ ಹಸಿವಿನ ಜೊತೆಗೆ ದುರುಳರ ಬಾಯಿಗೂ ಬೀಳುತ್ತಿದ್ದ ಹುಡುಗಿಯರನ್ನು ನೂರಾರು ಸಂಖ್ಯೆಯಲ್ಲಿ ಕರೆತಂದರು. ಮೇಲ್ಜಾತಿಯ ವಿಧವೆಯರಿಗಾಗಿ ಆರಂಭವಾಗಿದ್ದ ಕೆಲಸ ಅಂದಿನಿಂದ ಎಲ್ಲ ಜಾತಿಯವರದಾಯಿತು. ಅವರ ನಂಬಿಕೆ ಬೆಳೆದಂತೆ ಅವರ ಮನೆಯ ಬಾಗಿಲೂ ಅಗಲವಾಯಿತು.

1897ರಲ್ಲಿ ಪುಣೆಯಲ್ಲಿ ಪ್ಲೇಗ್ ಹಬ್ಬಿದಾಗ ಸರ್ಕಾರಿ ಪ್ಲೇಗ್ ಶಿಬಿರಗಳಲ್ಲಿ ಮಹಿಳೆಯರ ಬಗ್ಗೆ ತೋರಿದ ಅನಾದರವನ್ನು ರಮಾಬಾಯಿ ಪತ್ರಿಕೆಯಲ್ಲಿ ಬಯಲಿಗೆಳೆದರು. ಆಳುವವರ ಧರ್ಮ ಅಪ್ಪಿದವರೆಂಬ ಆರೋಪ ಹೊತ್ತಿದ್ದ ಹೆಣ್ಣು ಆಳುವವರನ್ನೇ ತರಾಟೆಗೆ ತೆಗೆದುಕೊಂಡಿದ್ದರು. ನಗರದಲ್ಲಿ ಅಷ್ಟು ಮಂದಿಯನ್ನು ಇಟ್ಟುಕೊಳ್ಳುವಂತಿರಲಿಲ್ಲ. ಪುಣೆಯಿಂದ ಸುಮಾರು 60 ಕಿ.ಮೀ. ದೂರದ ಕೇಡಗಾಂವ್‌ನಲ್ಲಿ ಹಿಂದೆಯೇ ಕೊಂಡಿದ್ದ ಜಮೀನು ನೆರವಿಗೆ ಬಂತು. ಬಾವಿ ತೋಡಲಾಯಿತು, ತೋಟ ಎದ್ದಿತು, ಮುಕ್ತಿ ಎಂಬ ಹೆಸರಿನ ಸಂಸ್ಥೆ ಬೆಳೆಯಿತು. 1900ರ ಗುಜರಾತ್ ಕ್ಷಾಮದ ಹೊತ್ತಿಗೆ ಅಲ್ಲಿದ್ದವರ ಸಂಖ್ಯೆ ಸುಮಾರು 2,000 ಮುಟ್ಟಿತು. ನೇಯ್ಗೆ, ಎಣ್ಣೆ ತೆಗೆಯುವುದು, ಹೈನುಗಾರಿಕೆ, ಮುದ್ರಣ ಎಲ್ಲವನ್ನೂ ಹೆಂಗಸರೇ ಕಲಿತು ನಡೆಸಿದರು. ಅಂಧರಿಗೆ ಬ್ರೈಲ್ ಕಲಿಸಲಾಯಿತು. ವೃದ್ಧೆಯರಿಗೂ, ಸಮಾಜ ತೊರೆದ ಹೆಣ್ಣುಗಳಿಗೂ ಪ್ರತ್ಯೇಕ ಮನೆಗಳಿದ್ದವು. ಫುಲ್‌ಹ್ಯಾಮ್‌ನಲ್ಲಿ ಕಂಡದ್ದು ಕೇಡಗಾಂವ್‌ನಲ್ಲಿ ನಿಜವಾಯಿತು.

1905ರಲ್ಲಿ ಮುಕ್ತಿಯಲ್ಲಿ ಪ್ರಾರ್ಥನೆಯ ಮಹಾ ಉಜ್ಜೀವನ ಕಾಣಿಸಿಕೊಂಡಿತು. ವೇಲ್ಸ್ ದೇಶದ ಉಜ್ಜೀವನದ ವಾರ್ತೆ ಕೇಳಿ ತಿಂಗಳುಗಟ್ಟಲೆ ಪ್ರಾರ್ಥಿಸುತ್ತಿದ್ದ ಹುಡುಗಿಯರು ಅಳುತ್ತ, ಹಾಡುತ್ತ, ತಂಡ ಕಟ್ಟಿಕೊಂಡು ಸುತ್ತಲಿನ ಹಳ್ಳಿಗಳಿಗೆ ಹೊರಟರು. ಜಗತ್ತಿನ ಪೆಂಟೆಕೋಸ್ಟಲ್ ಚಳವಳಿಯ ಇತಿಹಾಸದಲ್ಲಿ ಮುಕ್ತಿಯ ಹೆಸರು ಈ ಕಾರಣಕ್ಕೆ ಉಳಿದಿದೆ. ಗಟ್ಟಿಯಾಗಿ ಕೂಗಿ ಪ್ರಾರ್ಥಿಸುವ ಆ ರೀತಿಯನ್ನು ಕೆಲವು ಮಿಷನರಿಗಳು ಇಷ್ಟಪಡಲಿಲ್ಲ. ಪಾಶ್ಚಾತ್ಯರ ಶಿಷ್ಟಾಚಾರವೇ ಭಾರತೀಯ ಕ್ರೈಸ್ತರ ಅಳತೆಗೋಲಾಗಬೇಕಿಲ್ಲ ಎಂದು ರಮಾಬಾಯಿ ಅವರ ಪರ ನಿಂತರು.

ಕೊನೆಯ ಪುಟ

ಕೊನೆಯ ಹದಿನೈದಕ್ಕೂ ಹೆಚ್ಚು ವರ್ಷಗಳನ್ನು ರಮಾಬಾಯಿ ಒಂದು ದೊಡ್ಡ ಕಾರ್ಯಕ್ಕೆ ಮೀಸಲಿಟ್ಟರು. ಪ್ರಚಲಿತವಿದ್ದ ಮರಾಠಿ ಬೈಬಲಿನ ಭಾಷೆ ಸಾಮಾನ್ಯ ಹೆಂಗಸರಿಗೆ ನಿಲುಕದು ಎಂದು ಅವರಿಗೆ ಅನ್ನಿಸಿತ್ತು. ನಡುವಯಸ್ಸು ದಾಟುವ ಹೊತ್ತಿನಲ್ಲಿ ಹೀಬ್ರೂ ಮತ್ತು ಗ್ರೀಕ್ ಭಾಷೆಗಳನ್ನು ಕೈಗೆತ್ತಿಕೊಂಡು, ಇಡೀ ಬೈಬಲನ್ನು ಸರಳ ಮರಾಠಿಗೆ ತರಲು ಕುಳಿತರು. ಪ್ರಾಯದಲ್ಲಿ ಸಂಸ್ಕೃತದ ಸರಸ್ವತಿ ಎನಿಸಿಕೊಂಡವರು ಮುಪ್ಪಿನಲ್ಲಿ ಓದು ಬಾರದವರ ಮಾತನ್ನು ಅರಸಿದರು. ಅಚ್ಚಿನ ಮೊಳೆ ಜೋಡಿಸಿದವರು ಮುಕ್ತಿಯ ಹೆಣ್ಣುಮಕ್ಕಳೇ.

ಮಗಳು ಮನೋರಮಾ ತಾಯಿಯ ಬಲಗೈಯಾಗಿದ್ದರು. 1910ರ ದಶಕದ ಆರಂಭದಲ್ಲಿ ಅವರು ಅಂದಿನ ನಿಜಾಮ ಸಂಸ್ಥಾನದ ಗುಲ್ಬರ್ಗದಲ್ಲಿ, ಅಂದರೆ ಇಂದಿನ ಕಲಬುರಗಿಯಲ್ಲಿ, ಹೆಣ್ಣುಮಕ್ಕಳ ಶಾಲೆಯೊಂದನ್ನು ತೆರೆದರು. ಹೀಗೆ ಕನ್ನಡ ನಾಡಿನಿಂದ ಬುಟ್ಟಿಯಲ್ಲಿ ಹೊರಹೋದ ಕೂಸಿನ ಕೆಲಸ ಒಂದು ತಲೆಮಾರಿನ ನಂತರ ಕನ್ನಡ ನಾಡಿಗೆ ಮರಳಿತು. 1919ರಲ್ಲಿ ರಮಾಬಾಯಿ ಅವರಿಗೆ ಕೈಸರ್-ಇ-ಹಿಂದ್ ಪದಕ ಸಂದಿತು.

ತಮ್ಮ ನಂತರ ಮುಕ್ತಿಯನ್ನು ನೋಡಿಕೊಳ್ಳುವರೆಂದು ನಂಬಿದ್ದ ಮನೋರಮಾ 1921ರ ಜುಲೈನಲ್ಲಿ, ನಲವತ್ತರ ವಯಸ್ಸಿನಲ್ಲಿ, ತೀರಿಕೊಂಡರು. ತಂದೆ, ತಾಯಿ, ಅಕ್ಕ, ಅಣ್ಣ, ಪತಿ ಎಲ್ಲರನ್ನೂ ಹಿಂದೆಯೇ ಕಳೆದುಕೊಂಡಿದ್ದ ರಮಾಬಾಯಿ ಅವರಿಗೆ ಇನ್ನು ರಕ್ತಸಂಬಂಧವೆಂಬುದು ಉಳಿಯಲಿಲ್ಲ. ಮುರಿದ ದೇಹದಿಂದಲೇ ಅವರು ಅನುವಾದದ ಕೊನೆಯ ಕರಡುಗಳನ್ನು ತಿದ್ದಿದರು. ಆ ಕೆಲಸ ಮುಗಿದ ಬೆನ್ನಿಗೇ, 1922ರ ಏಪ್ರಿಲ್ 5ರಂದು, ಕೇಡಗಾಂವ್‌ನಲ್ಲಿ ಕಣ್ಮುಚ್ಚಿದರು. ಅವರ ಮರಾಠಿ ಬೈಬಲ್ 1924ರಲ್ಲಿ ಹೊರಬಂತು. 1989ರಲ್ಲಿ ಭಾರತ ಸರ್ಕಾರ ಅವರ ನೆನಪಿಗೆ ಅಂಚೆಚೀಟಿ ಹೊರಡಿಸಿತು. ಮುಕ್ತಿ ಸಂಸ್ಥೆ ಕೇಡಗಾಂವ್‌ನಲ್ಲಿ ಇಂದಿಗೂ ನಿರ್ಗತಿಕ ಹೆಣ್ಣುಮಕ್ಕಳಿಗೆ ಬಾಗಿಲು ತೆರೆದಿಟ್ಟಿದೆ.