ಫಾದರ್ ಎಥೆಲ್ಬರ್ಟ್ ಬ್ಲಾಟರ್

ಪುಸ್ತಕದ ಹಾಳೆಗಳ ನಡುವೆ ಅರಳಿ ಎಲೆಯನ್ನೋ ಹೂವನ್ನೋ ಇಟ್ಟು ಮರೆಯದ ವಿದ್ಯಾರ್ಥಿ ವಿರಳ. ವರ್ಷ ಕಳೆದ ಮೇಲೆ ಅದು ಕೈಗೆ ಸಿಕ್ಕಾಗ, ಎಲ್ಲಿಂದ ತಂದುದು, ಎಂದು ತಂದುದು ಎಂಬುದು ನೆನಪಿಗೆ ಬಾರದು. ಒಣಗಿದ ಎಲೆಗೂ ಊರು, ಹೆಸರು, ದಿನಾಂಕಗಳನ್ನು ಬರೆದಿಟ್ಟು, ಅದನ್ನು ವಿದ್ಯೆಯ ಭಂಡಾರವನ್ನಾಗಿಸಿದ ಮಹನೀಯರೊಬ್ಬರು ನಮ್ಮ ಮುಂಬಯಿಯಲ್ಲಿಯೇ ಬಾಳಿದರು. ಅವರೇ ಫಾದರ್ ಎಥೆಲ್ಬರ್ಟ್ ಬ್ಲಾಟರ್.

ಬ್ಲಾಟರ್ ಅವರು 1877ರಲ್ಲಿ ಹಿಮಪರ್ವತಗಳ ನಾಡಾದ ಸ್ವಿಟ್ಜರ್ಲೆಂಡಿನಲ್ಲಿ ಜನಿಸಿದರು. ಯೇಸುಸಭೆಯನ್ನು ಸೇರಿದ ಅವರು 1903ರಲ್ಲಿ ಮುಂಬಯಿಗೆ ಬಂದು, ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಸಸ್ಯಶಾಸ್ತ್ರವನ್ನು ಬೋಧಿಸತೊಡಗಿದರು. ಇಲ್ಲಿಯ ಗಿಡಮರಗಳು ಅವರಿಗೆ ಹೊಸವು. ಪಾಠ ಹೇಳುವವನು ಮೊದಲು ತಾನು ಕಲಿಯಬೇಕಷ್ಟೆ. 1906ರಲ್ಲಿ ಕಾಲೇಜಿನಲ್ಲಿ ಒಣಸಸ್ಯಗಳ ಸಂಗ್ರಹ, ಎಂದರೆ ಹರ್ಬೇರಿಯಂ, ಆರಂಭವಾಯಿತು.

ಈ ಕಾರ್ಯವು ನೋಡಲು ಸುಲಭ, ಮಾಡಲು ಕಷ್ಟ. ಹೂವು, ಎಲೆಗಳಿರುವ ರೆಂಬೆಯನ್ನು ಕಾಗದಗಳ ನಡುವೆ ಹರಡಿ ಒತ್ತಿಡಬೇಕು. ತೇವಗೊಂಡ ಕಾಗದವನ್ನು ಮತ್ತೆ ಮತ್ತೆ ಬದಲಿಸಬೇಕು. ಚೆನ್ನಾಗಿ ಒಣಗಿದ ಮೇಲೆ ದಪ್ಪ ಹಾಳೆಗೆ ಅಂಟಿಸಿ, ಮೂಲೆಯ ಚೀಟಿಯಲ್ಲಿ ಸಸ್ಯದ ಹೆಸರು, ಸಿಕ್ಕಿದ ಸ್ಥಳ, ದಿನಾಂಕ, ತಂದವರ ಹೆಸರುಗಳನ್ನು ಬರೆಯಬೇಕು. ಆ ಬಳಿಕ ಮುಂಬಯಿಯ ಮಳೆಗಾಲದ ತೇವದಿಂದಲೂ ಹುಳುಗಳಿಂದಲೂ ಕಾಪಾಡಬೇಕು. ಚೀಟಿಯಿಲ್ಲದ ಸಸ್ಯ ಕಸಕ್ಕೆ ಸಮ. ಚೀಟಿಯಿದ್ದರೆ ನೂರು ವರ್ಷಗಳ ಬಳಿಕವೂ ಅದು ಸಾಕ್ಷಿ ನುಡಿಯುತ್ತದೆ.

ಹಸುರಿದ್ದಲ್ಲಿ ಗಿಡ ಹುಡುಕುವುದು ಯಾರಿಗೂ ಸಾಧ್ಯ. ಬ್ಲಾಟರ್ ಅವರು ಮರುಭೂಮಿಗೂ ಹೋದರು. 1917ರಲ್ಲಿ ಸಹೋದ್ಯೋಗಿ ಹಾಲ್‌ಬರ್ಗ್ ಅವರೊಡನೆ ಜೋಧಪುರ, ಜೈಸಲ್ಮೇರ್‌ಗಳ ಮರಳುಗಾಡಿನಲ್ಲಿ ಸಂಚರಿಸಿ, ಅಲ್ಲಿಯ ಸಸ್ಯಗಳ ವಿವರವನ್ನು ಮುಂಬಯಿ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ವಿಜಯದಶಮಿಯಂದು ನಾವು ಪೂಜಿಸುವ ಬನ್ನಿಯೇ ಆ ಮರಳುಗಾಡಿನಲ್ಲಿ ಜನರಿಗೆ ನೆರಳನ್ನೂ ದನಕರುಗಳಿಗೆ ಮೇವನ್ನೂ ಕೊಡುವ ಮರ. ಅರಬ್ಬೀ ಸಮುದ್ರದ ಆಚೆಯ ಏಡನ್ ಅಂದು ಮುಂಬಯಿ ಪ್ರಾಂತ್ಯದ ಆಡಳಿತಕ್ಕೆ ಸೇರಿತ್ತು. ಆ ಬರಡು ಬೆಟ್ಟಗಳ ಸಸ್ಯಗಳನ್ನು ಕುರಿತೂ ಅವರು ಗ್ರಂಥ ರಚಿಸಿದರು. ಅರೇಬಿಯಾದ ಸಸ್ಯಸಂಪತ್ತನ್ನು ವಿವರಿಸುವಾಗ ಹಿಂದಿನ ಯಾತ್ರಿಕರು ತಂದಿಟ್ಟ ಒಣಸಸ್ಯಗಳೇ ಅವರಿಗೆ ಆಧಾರವಾದುವು.

1919ರಲ್ಲಿ ಅವರು ಕಾಲೇಜಿನ ಪ್ರಾಂಶುಪಾಲರಾದರು. ಭಾರತ ಮತ್ತು ಸಿಂಹಳದ ತಾಳೆಜಾತಿಯ ಮರಗಳನ್ನು ಕುರಿತ ಅವರ ಗ್ರಂಥ 1926ರಲ್ಲಿ ಹೊರಬಂದಿತು. ಕಾಶ್ಮೀರದ ಹೂವುಗಳನ್ನೂ ಅವರು ಪರಿಚಯಿಸಿದರು. 1934ರ ಮೇ ತಿಂಗಳಲ್ಲಿ ಮುಂಬಯಿಯಲ್ಲಿಯೇ ಅವರು ಕಾಲವಶರಾದರು. ಮೆಕ್ಯಾನ್ ಅವರೊಡನೆ ಬರೆದ ಮುಂಬಯಿ ಪ್ರಾಂತ್ಯದ ಹುಲ್ಲುಗಳ ಗ್ರಂಥ ಮರುವರ್ಷ ಪ್ರಕಟವಾಯಿತು. ಅವರ ಬಳಿಕ ಫಾದರ್ ಸಾಂತಾಪಾವ್ ಅವರು ಸಂಗ್ರಹವನ್ನು ಬೆಳೆಸಿದರು. ಬ್ಲಾಟರ್ ಹರ್ಬೇರಿಯಂ ಎಂದೇ ಹೆಸರಾದ ಅಲ್ಲಿ ಇಂದು ಸುಮಾರು ಎರಡು ಲಕ್ಷ ಸಸ್ಯಗಳಿವೆ.

ಕನ್ನಡಿಗರಿಗೂ ಆ ಕಪಾಟುಗಳಲ್ಲಿ ಪಾಲುಂಟು. ಸೆಜ್ವಿಕ್ ಮತ್ತು ಬೆಲ್ ಎಂಬವರು ಉತ್ತರ ಕನ್ನಡದ ಕಾಡುಗಳಲ್ಲಿ ಕೂಡಿಸಿದ ಸಸ್ಯಗಳೂ ಅಲ್ಲಿವೆ. ಊರು ಬಿಟ್ಟು ಮುಂಬಯಿಗೆ ಬಂದು ಇಷ್ಟು ಕಾಲವಾದರೂ ಅವುಗಳ ಚೀಟಿಯಲ್ಲಿ ತವರಿನ ಹೆಸರು ಅಳಿದಿಲ್ಲ. ನಾನೂ ಹಾಗೆ ಊರು ಬಿಟ್ಟು ಬಂದವನೇ. ನಿಮ್ಮಲ್ಲಿ ಅನೇಕರ ತಂದೆತಾಯಿಯರೂ ಹಾಗೆಯೇ.

ವಿದ್ಯಾರ್ಥಿಗಳೇ, ನಮ್ಮ ದಹಿಸರ್ ನದಿ ತುಳಸಿ ಕೆರೆಯ ಬಳಿ ಹುಟ್ಟಿ ಕಾಡನ್ನು ದಾಟಿ ಬರುತ್ತದೆ. ದಡದ ಎಷ್ಟೋ ಗಿಡಗಳ ಜಾಗದಲ್ಲಿ ಈಗ ಕಟ್ಟಡಗಳು ನಿಂತಿವೆ. ರಾಷ್ಟ್ರೀಯ ಉದ್ಯಾನದ ಗಿಡಗಳನ್ನು ಕೀಳಬಾರದು. ಅವನ್ನು ನೋಡಿ ಬರೆದುಕೊಂಡರೆ ಸಾಕು. ಆದರೆ ದಾರಿಬದಿಯಲ್ಲಿ ಉದುರಿದ ಎಲೆಯೊಂದನ್ನು ಒಣಗಿಸಿ, ಸ್ಥಳವನ್ನೂ ದಿನಾಂಕವನ್ನೂ ನಿಮ್ಮ ಹೆಸರನ್ನೂ ಬರೆದಿಡಿರಿ. ಬ್ಲಾಟರ್ ಅವರ ವಿದ್ಯೆಯ ಮೊದಲ ಪಾಠ ಅದೇ.