ಪಕ್ಷಿವಿಜ್ಞಾನಿ ಸಲೀಂ ಅಲಿ

ಹುಬ್ಬಳ್ಳಿ-ಧಾರವಾಡ ಅವಳಿ ನಗರಗಳು ಎರಡು ಸೀಮೆಗಳು ಕೂಡುವ ಎಡೆಯಲ್ಲಿವೆ. ಪಶ್ಚಿಮಕ್ಕೆ ಸಾಗಿದರೆ ಅಳ್ನಾವರದ ಕಡೆಗೆ ಮಲೆನಾಡಿನ ಸೆರಗು. ಪೂರ್ವಕ್ಕೆ ಹೊರಳಿದರೆ ನವಲಗುಂದ, ಅಣ್ಣಿಗೇರಿಗಳ ಕಡೆಗೆ ಕಣ್ಣು ಹಾಯುವವರೆಗೂ ಎರೆಭೂಮಿ. ಕಾಡಿನ ಹಕ್ಕಿಗಳಿಗೂ ಬಯಲಿನ ಹಕ್ಕಿಗಳಿಗೂ ಈ ನಾಡು ಆಶ್ರಯ ನೀಡಿದೆ. ಆದರೆ ಅವುಗಳ ಸಂಖ್ಯೆ ಎಂದೂ ಒಂದೇ ಸಮನಾಗಿ ಉಳಿದಿಲ್ಲ. 1997ರವರೆಗೆ ಧಾರವಾಡ ಜಿಲ್ಲೆಗೇ ಸೇರಿದ್ದ ರಾಣೇಬೆನ್ನೂರಿನ ಹುಲ್ಲುಬಯಲಿನಲ್ಲಿ ಎರೆಭೂತವೆಂಬ ಭಾರಿ ಹಕ್ಕಿ ಓಡಾಡುತ್ತಿತ್ತು; ಇಂದು ಅದು ಅಲ್ಲಿ ಕಾಣಸಿಗದು. ಅದೇ ಜಿಲ್ಲೆಯಲ್ಲಿದ್ದು ಈಗ ಗದಗ ಜಿಲ್ಲೆಗೆ ಸೇರಿರುವ ಮಾಗಡಿ ಕೆರೆಗೆ ಮಾತ್ರ, ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಚಳಿಗಾಲದಲ್ಲಿ ಹಿಂಡುಹಿಂಡಾಗಿ ಬಂದಿಳಿಯುತ್ತವೆ. ಒಂದು ಹಕ್ಕಿ ಏಕೆ ಮರೆಯಾಯಿತು? ಇನ್ನೊಂದು ಏಕೆ ಬರುತ್ತಲೇ ಇದೆ? ಇಂತಹ ಪ್ರಶ್ನೆಗಳಿಗೆ ಊಹೆಯಿಂದಲ್ಲದೆ ತಾಳ್ಮೆಯ ವೀಕ್ಷಣೆಯಿಂದ ಉತ್ತರ ಹುಡುಕಬೇಕೆಂದು ಭಾರತೀಯರಿಗೆ ತೋರಿಸಿಕೊಟ್ಟ ಮಹನೀಯರಲ್ಲಿ ಸಲೀಂ ಅಲಿಯವರು ಅಗ್ರಗಣ್ಯರು.

ಸಲೀಂ ಅಲಿ 1896ರ ನವೆಂಬರ್ 12ರಂದು ಮುಂಬಯಿಯಲ್ಲಿ ಜನಿಸಿದರು. ಎಳವೆಯಲ್ಲಿಯೇ ತಂದೆ ತಾಯಿಗಳನ್ನು ಕಳೆದುಕೊಂಡ ಅವರನ್ನು ಸೋದರಮಾವ ಅಮೀರುದ್ದೀನ್ ತ್ಯಾಬ್ಜಿಯವರು ಸಾಕಿದರು. ಸೋದರಮಾವನಿಗೆ ಬೇಟೆಯ ಹವ್ಯಾಸವಿತ್ತು. ಬಾಲಕನ ಕೈಗೂ ಒಂದು ಗಾಳಿಕೋವಿ ಬಂದಿತು. ಸುಮಾರು ಹತ್ತು ವರ್ಷದವರಾಗಿದ್ದಾಗ ಅವರು ಗೂಡಿನ ಬಳಿ ಕುಳಿತಿದ್ದ ಒಂದು ಗಂಡು ಗುಬ್ಬಚ್ಚಿಯನ್ನು ಹೊಡೆದರು. ಸ್ವಲ್ಪ ಹೊತ್ತಿನಲ್ಲಿಯೇ ಹೆಣ್ಣುಗುಬ್ಬಿಯ ಜೊತೆಗೆ ಬೇರೊಂದು ಗಂಡು ಬಂದು ಕುಳಿತಿತು. ಅದನ್ನು ಹೊಡೆದರೆ ಮತ್ತೊಂದು ಬಂದಿತು. ಹೀಗೆ ಏಳು ದಿನಗಳಲ್ಲಿ ಎಂಟು ಗಂಡುಗುಬ್ಬಿಗಳು ಒಂದೇ ಎಡೆಯಲ್ಲಿ ಬಿದ್ದವು. ಬಾಲಕ ಇದನ್ನು ಪುಸ್ತಕದಲ್ಲಿ ಬರೆದಿಟ್ಟನು. ಕೃತ್ಯ ಕ್ರೂರವಾದುದೇ, ಆದರೆ ಆ ಬರವಣಿಗೆಯಲ್ಲಿ ಒಂದು ದೊಡ್ಡ ಸತ್ಯದ ಸುಳಿವಿತ್ತು. ಗೂಡು ಸಿಗದೆ ಕಾದಿರುವ ಹಕ್ಕಿಗಳು ಪ್ರಕೃತಿಯಲ್ಲಿ ಇರುತ್ತವೆ. ಆದ್ದರಿಂದ ಒಂದು ಹಕ್ಕಿ ಸತ್ತರೆ ಅದರ ಎಡೆಯನ್ನು ಇನ್ನೊಂದು ತುಂಬಬಲ್ಲದು. ಗೂಡಿನ ಎಡೆಯೇ ನಾಶವಾದರೆ ತುಂಬುವವರು ಯಾರು?

1908ರಲ್ಲಿ ಅವರು ಹೊಡೆದ ಇನ್ನೊಂದು ಗುಬ್ಬಿಯ ಕೊರಳಲ್ಲಿ ಹಳದಿ ಮಚ್ಚೆಯಿತ್ತು. ಅದು ಯಾವ ಹಕ್ಕಿಯೆಂದು ತಿಳಿಯಲು ಬಾಲಕನು ಮುಂಬಯಿಯ ನಿಸರ್ಗ ಇತಿಹಾಸ ಸಂಘಕ್ಕೆ ಅಂಜುತ್ತಂಜುತ್ತ ಹೋದನು. ಸಂಘದ ಕಾರ್ಯದರ್ಶಿ ಮಿಲ್ಲಾರ್ಡ್ ಅವರು ಪ್ರೀತಿಯಿಂದ ಹಕ್ಕಿಯನ್ನು ಗುರುತಿಸಿ, ಸಂಗ್ರಹದಲ್ಲಿದ್ದ ಪಕ್ಷಿಗಳನ್ನೆಲ್ಲ ತೋರಿಸಿದರು. ಆ ದಿನ ತೆರೆದ ಬಾಗಿಲು ಸಲೀಂ ಅಲಿಯವರ ಪಾಲಿಗೆ ಮತ್ತೆ ಮುಚ್ಚಲಿಲ್ಲ.

ಆದರೆ ಹಾದಿ ಸುಗಮವಾಗಿರಲಿಲ್ಲ. ಕಾಲೇಜು ವ್ಯಾಸಂಗ ನಡುವೆಯೇ ನಿಂತಿತು. ಬರ್ಮಾ ದೇಶದಲ್ಲಿ ಕೈಗೊಂಡ ವ್ಯವಹಾರವೂ ಕೈಗೂಡಲಿಲ್ಲ. 1918ರಲ್ಲಿ ಅವರು ತೆಹಮೀನಾ ಅವರನ್ನು ವಿವಾಹವಾದರು. ವಸ್ತುಸಂಗ್ರಹಾಲಯದಲ್ಲಿ ಕೆಲಕಾಲ ಮಾರ್ಗದರ್ಶಕರಾಗಿ ದುಡಿದು, 1929ರಲ್ಲಿ ಜರ್ಮನಿಯ ಬರ್ಲಿನ್ನಿಗೆ ತೆರಳಿ, ಪ್ರಖ್ಯಾತ ಪಕ್ಷಿವಿಜ್ಞಾನಿ ಸ್ಟ್ರೆಸೆಮನ್ ಅವರಲ್ಲಿ ಅಭ್ಯಾಸ ಮಾಡಿದರು. ಹಿಂದಿರುಗಿದಾಗ ಕೆಲಸವೇ ಇರಲಿಲ್ಲ. ಪತ್ನಿಯೊಡನೆ ಕಡಲತೀರದ ಕಿಹೀಮ್ ಗ್ರಾಮದಲ್ಲಿ ನೆಲೆಸಿದ ಅವರು ಮನೆಯ ಬಳಿಯ ಮರದಲ್ಲಿ ಗೂಡು ಹೆಣೆಯುತ್ತಿದ್ದ ಗೀಜಗಗಳನ್ನು ದಿನವೂ ನೋಡಿದರು. ಒಂದೇ ಗಂಡು ಹಲವು ಗೂಡುಗಳನ್ನು ಕಟ್ಟಿ, ಒಂದೊಂದರಲ್ಲಿ ಒಂದೊಂದು ಹೆಣ್ಣನ್ನು ನೆಲೆಗೊಳಿಸುವುದೆಂಬ ಸಂಗತಿಯನ್ನು ಅವರ ವೀಕ್ಷಣೆ ವಿಶದಪಡಿಸಿತು. ನಿರುದ್ಯೋಗದ ದಿನಗಳೇ ಅವರಿಗೆ ಕೀರ್ತಿಯನ್ನು ತಂದವು.

ಆ ಬಳಿಕ ಅವರು ದೇಶೀಯ ಸಂಸ್ಥಾನಗಳ ಪಕ್ಷಿ ಸಮೀಕ್ಷೆಯನ್ನು ಕೈಗೊಂಡರು. ಹೈದರಾಬಾದ್, ತಿರುವಾಂಕೂರು, ಕೊಚ್ಚಿನ್‌ಗಳ ನಂತರ ಮೈಸೂರಿನ ಸರದಿ ಬಂದಿತು. 1939ರಲ್ಲಿ ತೆಹಮೀನಾ ತೀರಿಕೊಂಡರು. ಆ ದುಃಖವನ್ನು ಎದೆಯಲ್ಲಿ ಹೊತ್ತೇ ಅವರು ಮೈಸೂರು ಸಂಸ್ಥಾನದ ಕಾಡುಮೇಡುಗಳಲ್ಲಿ ಸಂಚರಿಸಿದರು. ಶ್ರೀರಂಗಪಟ್ಟಣದ ಬಳಿ ಕಾವೇರಿಯ ನಡುಗಡ್ಡೆಗಳಲ್ಲಿ ನೀರುಹಕ್ಕಿಗಳು ಗೂಡುಕಟ್ಟುವುದನ್ನು ಕಂಡು, ಆ ಎಡೆಯನ್ನು ರಕ್ಷಿಸುವಂತೆ ಅರಸರ ಮನವೊಲಿಸಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಸುತ್ತಲೂ ನೀರಿರುವುದರಿಂದ ಅಲ್ಲಿ ಗೂಡುಗಳಿಗೆ ವೈರಿಗಳ ಭಯ ಕಡಿಮೆ. ಹೊಳೆಯಲ್ಲಿ ಮೀನಿಗೆ ಕೊರತೆಯಿಲ್ಲ. ಗೂಡು ಮತ್ತು ಆಹಾರ ಇವೆರಡೂ ಉಳಿದರೆ ಹಕ್ಕಿ ಉಳಿಯುತ್ತದೆ ಎಂಬುದಕ್ಕೆ ರಂಗನತಿಟ್ಟು ಇಂದಿಗೂ ಸಾಕ್ಷಿಯಾಗಿದೆ.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬಿದ್ದವು. ಸುತ್ತಲಿನ ಹಳ್ಳಿಗಳ ಜನ ಜ್ವರದಿಂದ ನರಳಿದರು. ಉಣ್ಣೆಗಳಿಂದ ಹರಡುವ ಈ ರೋಗದ ವೈರಾಣು ರಷ್ಯಾದ ಒಂದು ರೋಗದ ವೈರಾಣುವನ್ನು ಹೋಲುತ್ತಿತ್ತು. ವಲಸೆಹಕ್ಕಿಗಳು ಅದನ್ನು ಹೊತ್ತು ತಂದಿರಬಹುದೇ ಎಂಬ ಸಂದೇಹ ಹುಟ್ಟಿತು. ಇದರಿಂದಾಗಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನೊಡನೆ ಸಲೀಂ ಅಲಿಯವರ ನೇತೃತ್ವದಲ್ಲಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ಕಾರ್ಯ ದೊಡ್ಡ ಪ್ರಮಾಣದಲ್ಲಿ ನಡೆಯಿತು. ಉಂಗುರದ ಮೇಲೆ ಸಂಖ್ಯೆಯಿರುತ್ತದೆ. ಹಕ್ಕಿ ಮತ್ತೆ ಎಲ್ಲಿ ಸಿಕ್ಕಿತೆಂಬುದರಿಂದ ಅದರ ದಾರಿ ತಿಳಿಯುತ್ತದೆ. ನಮ್ಮ ಕೆರೆಗಳಿಗೆ ಬರುವ ಹಕ್ಕಿಗಳ ತೌರು ಮಧ್ಯ ಏಷ್ಯಾ, ಸೈಬೀರಿಯಾಗಳಷ್ಟು ದೂರವಿದೆಯೆಂಬುದು ಇಂತಹ ಉಂಗುರಗಳಿಂದ ಸ್ಪಷ್ಟವಾಯಿತು. ಮಾಗಡಿಯ ಹೆಬ್ಬಾತಿನ ಬಾಳು ಮಾಗಡಿಯೊಂದನ್ನೇ ಅವಲಂಬಿಸಿಲ್ಲ. ಟಿಬೆಟ್, ಮಂಗೋಲಿಯಗಳ ಸರೋವರಗಳೂ, ನಡುದಾರಿಯ ತಂಗುದಾಣಗಳೂ, ಇಲ್ಲಿನ ಕೆರೆಹೊಲಗಳೂ ಒಂದೇ ಸರಪಳಿಯ ಕೊಂಡಿಗಳು. ಒಂದು ಕೊಂಡಿ ಕಳಚಿದರೂ ಹಿಂಡು ಕುಗ್ಗುತ್ತದೆ.

ಎರೆಭೂತದ ಕಥೆ ಇದಕ್ಕಿಂತ ವಿಷಾದಕರವಾದುದು. ಇದು ಸುಮಾರು ಒಂದು ಮೀಟರ್ ಎತ್ತರದ ಹಕ್ಕಿ. ಸಾಮಾನ್ಯವಾಗಿ ಒಂದು ಬಾರಿಗೆ ಒಂದೇ ಮೊಟ್ಟೆಯನ್ನು, ಅದೂ ಬರಿನೆಲದ ಮೇಲೆ ಇಡುತ್ತದೆ. ಆದ್ದರಿಂದ ಕಳೆದುಕೊಂಡ ಸಂಖ್ಯೆಯನ್ನು ಬೇಗನೆ ತುಂಬಿಕೊಳ್ಳಲಾರದು. ಇದನ್ನು ರಾಷ್ಟ್ರಪಕ್ಷಿಯನ್ನಾಗಿ ಮಾಡಿದರೆ ಜನರ ಗಮನ ಇದರತ್ತ ಹರಿಯುವುದೆಂದು ಸಲೀಂ ಅಲಿ ಆಶಿಸಿದ್ದರು. 1963ರಲ್ಲಿ ಆ ಗೌರವ ನವಿಲಿಗೆ ಸಂದಿತು. 1974ರಲ್ಲಿ ರಾಣೇಬೆನ್ನೂರಿನಲ್ಲಿ ಅಭಯಾರಣ್ಯ ಸ್ಥಾಪನೆಯಾದರೂ, ಹುಲ್ಲುಬಯಲಿನ ಬಹುಭಾಗವನ್ನು ನೀಲಗಿರಿ ಮರಗಳ ನೆಡುತೋಪು ಆವರಿಸಿತ್ತು. ಹುಲ್ಲುಬಯಲು ಬಂಜರು ನೆಲ, ಮರ ನೆಟ್ಟರೆ ಅದು ಸುಧಾರಿಸುತ್ತದೆ ಎಂಬುದು ಆಗಿನ ಭಾವನೆಯಾಗಿತ್ತು. ಅಲ್ಲಿ ಕೃಷ್ಣಮೃಗ ಉಳಿಯಿತು; ಎರೆಭೂತ ಉಳಿಯಲಿಲ್ಲ. ಈಗ ಕರ್ನಾಟಕದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಸುತ್ತ ಬೆರಳೆಣಿಕೆಯಷ್ಟು ಎರೆಭೂತಗಳು ಮಾತ್ರ ಉಳಿದಿವೆ. ಇತ್ತ ನವಿಲುಗಳಾದರೋ ಹೊಲಗದ್ದೆಗಳ ನಡುವೆಯೂ ಬಾಳಲು ಕಲಿತು ಹೆಚ್ಚಿವೆ. ಒಂದೇ ಬದಲಾವಣೆ ಒಂದಕ್ಕೆ ವರವಾಗಿ ಇನ್ನೊಂದಕ್ಕೆ ಶಾಪವಾಗಬಹುದು.

ರಕ್ಷಣೆಯ ಸದುದ್ದೇಶವೊಂದೇ ಸಾಲದೆಂಬುದನ್ನು ರಾಜಸ್ಥಾನದ ಭರತಪುರವೂ ತೋರಿಸಿತು. ಅಲ್ಲಿನ ಜೌಗುನೆಲದಲ್ಲಿ ಎಮ್ಮೆಗಳು ಮೇಯುವುದರಿಂದ ಹಕ್ಕಿಗಳಿಗೆ ಕೇಡೆಂದು ಸಲೀಂ ಅಲಿಯವರೂ ನಂಬಿದ್ದರು. 1982ರಲ್ಲಿ ಮೇವು ನಿಷೇಧವಾಯಿತು. ಅದನ್ನು ವಿರೋಧಿಸಿದ ಗ್ರಾಮಸ್ಥರಲ್ಲಿ ಕೆಲವರು ಪೊಲೀಸರ ಗುಂಡಿಗೆ ಬಲಿಯಾದರು. ಆದರೆ ಎಮ್ಮೆಗಳಿಲ್ಲದೆ ಹುಲ್ಲು ದಟ್ಟವಾಗಿ ಬೆಳೆದು ನೀರನ್ನು ಮುಚ್ಚಿತು. ಹಲವು ನೀರುಹಕ್ಕಿಗಳಿಗೆ ಎಡೆಯಿಲ್ಲದಾಯಿತು. ಇದನ್ನು ಬೆಳಕಿಗೆ ತಂದುದು ಅವರದೇ ಸಂಘದ ದೀರ್ಘಕಾಲದ ಅಧ್ಯಯನ. ಹಿರಿಯರ ನಂಬಿಕೆಯನ್ನೂ ಲೆಕ್ಕದ ಒರೆಗಲ್ಲಿಗೆ ಹಚ್ಚುವ ಶಿಷ್ಯರನ್ನು ಬೆಳೆಸಿದುದು ಅವರ ದೊಡ್ಡತನ.

1941ರಲ್ಲಿ ಪ್ರಕಟವಾದ ಅವರ ಭಾರತೀಯ ಪಕ್ಷಿಗಳ ಕೈಪುಸ್ತಕ ಸಾಮಾನ್ಯ ಓದುಗರಿಗೂ ಹಕ್ಕಿಗಳ ಪರಿಚಯ ಮಾಡಿಕೊಟ್ಟಿತು. ಅಮೆರಿಕದ ರಿಪ್ಲೆಯವರೊಡನೆ ಅವರು ರಚಿಸಿದ ಮಹಾಗ್ರಂಥ 1968ರಿಂದ 1974ರ ಅವಧಿಯಲ್ಲಿ ಹತ್ತು ಸಂಪುಟಗಳಲ್ಲಿ ಹೊರಬಂದಿತು. 1958ರಲ್ಲಿ ಪದ್ಮಭೂಷಣ, 1976ರಲ್ಲಿ ಪದ್ಮವಿಭೂಷಣ ಪ್ರಶಸ್ತಿಗಳು ಅವರಿಗೆ ಸಂದವು. 1985ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡರು. 1987ರಲ್ಲಿ ತಮ್ಮ 90ನೆಯ ವಯಸ್ಸಿನಲ್ಲಿ ನಿಧನರಾದರು.

ಅವರು ಹಾಕಿಕೊಟ್ಟ ಪದ್ಧತಿಯ ಬೆಲೆ ಅವರ ತರುವಾಯವೂ ತಿಳಿದುಬಂದಿತು. 1990ರ ದಶಕದಲ್ಲಿ ರಣಹದ್ದುಗಳು ಹಠಾತ್ತನೆ ಕಡಿಮೆಯಾದವು. ಭರತಪುರದಲ್ಲಿ ಹಿಂದಿನ ವರ್ಷಗಳ ಎಣಿಕೆ ಇದ್ದುದರಿಂದಲೇ ಕುಸಿತದ ಪ್ರಮಾಣ ಗೊತ್ತಾಯಿತು. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವುನಿವಾರಕ ಔಷಧ, ಅವುಗಳ ಹೆಣ ತಿಂದ ಹದ್ದುಗಳಿಗೆ ವಿಷವಾಗಿತ್ತು. 2006ರಲ್ಲಿ ಪಶುಚಿಕಿತ್ಸೆಯಲ್ಲಿ ಅದನ್ನು ನಿಷೇಧಿಸಲಾಯಿತು.

ಗುಬ್ಬಿಗಳನ್ನು ಹೊಡೆದು ಲೆಕ್ಕ ಬರೆದ ಬಾಲಕ, ಹಕ್ಕಿಗಳನ್ನು ಉಳಿಸಲು ಲೆಕ್ಕ ಬರೆಯುವ ಹಿರಿಯರಾಗಿ ಬೆಳೆದರು. ಆ ಕೆಲಸಕ್ಕೆ ಬೇಕಾದುದು ಸಂಪತ್ತಲ್ಲ. ತಾಳ್ಮೆ, ಪ್ರಾಮಾಣಿಕತೆ, ಒಂದು ಪುಸ್ತಕ. ಉಣಕಲ್ಲ ಕೆರೆಯ ದಂಡೆಯಲ್ಲಾಗಲಿ ಕೆಲಗೇರಿಯ ದಂಡೆಯಲ್ಲಾಗಲಿ ನಿಂತು, ಯಾವ ಹಕ್ಕಿ ಎಂದು ಬಂದಿತು, ಎಷ್ಟು ಬಂದವು ಎಂದು ವರ್ಷವರ್ಷವೂ ಬರೆದಿಡುವ ವಿದ್ಯಾರ್ಥಿಯು ಅವರ ಹಾದಿಯಲ್ಲಿಯೇ ನಡೆದಂತಾಗುತ್ತದೆ. ಎಷ್ಟಿತ್ತೆಂಬುದು ತಿಳಿಯದಿದ್ದರೆ ಎಷ್ಟು ಕಳೆದುಕೊಂಡೆವೆಂಬುದೂ ತಿಳಿಯದು.