ವ್ಯಾಧಿಯ ಹೆಸರಿನಲ್ಲಿ ಉಳಿದವನು

ಎಲುಬು, ಕೀಲು, ಬೆನ್ನೆಲುಬುಗಳ ವ್ಯಾಧಿಗಳಿಗೆ ವೈದ್ಯರು ಇಟ್ಟಿರುವ ಹೆಸರುಗಳಲ್ಲಿ ಎರಡು ಬಗೆ. ಮೊದಲನೆಯವು ಗ್ರೀಕ್ ಮೂಲದವು: ಆರ್ಥ್ರೈಟಿಸ್ ಎಂದರೆ ಕೀಲಿನ ಉರಿಯೂತ, ಕೈಫೋಸಿಸ್ ಎಂದರೆ ಗೂನು, ಸ್ಕೋಲಿಯೋಸಿಸ್ ಎಂದರೆ ಬೆನ್ನೆಲುಬು ಪಕ್ಕಕ್ಕೆ ಬಾಗುವುದು. ಮೂಲ ಬಲ್ಲವನಿಗೆ ಇವು ತಮ್ಮ ಅರ್ಥವನ್ನು ತಾವೇ ಹೇಳುತ್ತವೆ. ಎರಡನೆಯವು ಮನುಷ್ಯರ ಹೆಸರುಗಳು. ಅವುಗಳ ಅರ್ಥ ತಿಳಿಯಬೇಕಾದರೆ ಒಬ್ಬನ ಬಾಳನ್ನೇ ಓದಬೇಕಾಗುತ್ತದೆ. ಬೆನ್ನೆಲುಬಿನ ಕ್ಷಯಕ್ಕೆ ಪಾಟನ ವ್ಯಾಧಿಯೆಂದೂ, ಪಾದದ ಕೀಲಿನ ಬಳಿ ಆಗುವ ಒಂದು ಮುರಿತಕ್ಕೆ ಪಾಟನ ಮುರಿತವೆಂದೂ ಹೆಸರು. ಯಾರೀ ಪಾಟ್ ಎಂಬ ಕುತೂಹಲದಿಂದ ಓದತೊಡಗಿದ ನನಗೆ, ಹೆಸರಿಗಿಂತ ಮನುಷ್ಯನೇ ಹೆಚ್ಚು ಆತ್ಮೀಯನಾದನು.

ಪರ್ಸಿವಲ್ ಪಾಟ್ ಹುಟ್ಟಿದ್ದು 1714ರ ಜನವರಿಯಲ್ಲಿ, ಲಂಡನ್ನಿನ ಥ್ರೆಡ್‌ನೀಡಲ್ ಬೀದಿಯಲ್ಲಿ. ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡನು. 1729ರಲ್ಲಿ ಸೇಂಟ್ ಬಾರ್ಥಲೋಮ್ಯೂ ಆಸ್ಪತ್ರೆಯ ಎಡ್ವರ್ಡ್ ನೋರ್ಸ್ ಎಂಬ ಶಸ್ತ್ರವೈದ್ಯನ ಬಳಿ ಶಿಷ್ಯವೃತ್ತಿಗೆ ಸೇರಿದನು. ಶಸ್ತ್ರವೈದ್ಯರೂ ಕ್ಷೌರಿಕರೂ ಒಂದೇ ಸಂಘಕ್ಕೆ ಸೇರಿದ್ದ ಕಾಲವದು; ಅವರು ಬೇರೆಯಾದದ್ದು 1745ರಲ್ಲಿ. 1749ರಲ್ಲಿ ಪಾಟ್ ಅದೇ ಆಸ್ಪತ್ರೆಯ ಪೂರ್ಣ ಶಸ್ತ್ರವೈದ್ಯನಾಗಿ, 1787ರವರೆಗೆ ಆ ಸ್ಥಾನದಲ್ಲಿದ್ದನು.

1756ರಲ್ಲಿ, ಕುದುರೆಯ ಮೇಲೆ ಹೋಗುತ್ತಿದ್ದ ಪಾಟ್ ಜಾರಿಬಿದ್ದನು. ಕಾಲಿನ ಮೂಳೆ ಮುರಿದು ಚರ್ಮವನ್ನು ಸೀಳಿ ಹೊರಬಂದಿತ್ತು. ಮುಂದಿನದನ್ನು ಆತನ ಅಳಿಯ ಜೇಮ್ಸ್ ಅರ್ಲ್ ಬರೆದಿಟ್ಟಿದ್ದಾನೆ. ಒರಟಾಗಿ ಎತ್ತಿದರೆ ಕಾಲು ಉಳಿಯದೆಂದು ಪಾಟ್ ಅರಿತಿದ್ದನು. ಚಳಿಯ ನೆಲದಲ್ಲಿಯೇ ಅಲುಗದೆ ಮಲಗಿ, ಮೇನೆ ಹೊರುವವರಿಗೆ ಹೇಳಿಕಳುಹಿಸಿದನು. ಅಲ್ಲಿಯೇ ಒಂದು ಬಾಗಿಲನ್ನು ಕೊಂಡು, ಅದಕ್ಕೆ ಅವರ ಗಳುಗಳನ್ನು ಮೊಳೆಯಿಂದ ಜೋಡಿಸಿ, ಅದರ ಮೇಲೆ ಮಲಗಿ ಮನೆಗೆ ಬಂದನು. ಕಾಲನ್ನು ಕತ್ತರಿಸಬೇಕೆಂದು ವೈದ್ಯರು ನಿಶ್ಚಯಿಸಿದ್ದರು, ಆಯುಧಗಳೂ ಸಿದ್ಧವಾಗಿದ್ದವು. ಅಷ್ಟರಲ್ಲಿ ಹಳೆಯ ಗುರು ನೋರ್ಸ್ ಬಂದು ಪರೀಕ್ಷಿಸಿ, ಉಳಿಸಲು ಒಮ್ಮೆ ಯತ್ನಿಸೋಣವೆಂದನು. ಕಾಲು ಉಳಿಯಿತು.

ಪಾಟನ ಮುರಿತವೆಂದರೆ ಆತನ ಕಾಲಿಗೇ ಆದದ್ದೆಂದು ಹಲವರು ನಂಬಿದ್ದಾರೆ. ಅರ್ಲ್ ಬರೆದುದನ್ನು ನೋಡಿದರೆ ಹಾಗಲ್ಲ. ಆ ಹೆಸರಿನ ಮುರಿತವನ್ನು ಪಾಟ್ ವರ್ಣಿಸಿದ್ದು 1768ರ ತನ್ನ ಗ್ರಂಥದಲ್ಲಿ: ಮೊಣಕಾಲಿನ ಕೆಳಗಿನ ಎರಡು ಮೂಳೆಗಳಲ್ಲಿ ತೆಳ್ಳನೆಯದು ಪಾದದ ಕೀಲಿಗೆ ಎರಡು ಮೂರು ಅಂಗುಲ ಮೇಲೆ ಮುರಿದು, ಪಾದ ಹೊರಕ್ಕೆ ತಿರುಗುವುದು. ಮುರಿದ ಅಂಗವನ್ನು ಬಲವಂತವಾಗಿ ಎಳೆಯಬಾರದು, ಕೀಲನ್ನು ಮಡಿಸಿ ಸ್ನಾಯುಗಳ ಬಿಗುವನ್ನು ಸಡಿಲಿಸಿದರೆ ಮೂಳೆ ತಾನಾಗಿ ಕೂಡಿಕೊಳ್ಳಲು ಒಪ್ಪುತ್ತದೆ ಎಂಬುದು ಆತನ ಬೋಧೆ. ನೋವಿನ ರುಚಿ ಕಂಡವನ ಮಾತಿದು ಎಂದು ನನಗೆ ತೋರುತ್ತದೆ.

ಬೆನ್ನಿನ ವ್ಯಾಧಿಯ ವಿಷಯ ಬಂದದ್ದು 1779ರಲ್ಲಿ. ನಮ್ಮಲ್ಲಿ ಗೂನುಬೆನ್ನೆಂದೊಡನೆ ಮಂಥರೆಯ ನೆನಪಾಗುತ್ತದೆ. ಬೆನ್ನಿನ ಡೊಂಕನ್ನು ಬುದ್ಧಿಯ ಡೊಂಕಿಗೆ ಗಂಟುಹಾಕುವುದು ಹಳೆಯ ಅಭ್ಯಾಸ. ಪಾಟನ ಕಾಲದ ಲಂಡನ್ನಿನಲ್ಲಿ ಮಗುವಿನ ಬೆನ್ನು ಬಾಗಿ ಕಾಲು ಬಿದ್ದುಹೋದರೆ, ಎಲ್ಲಿಯೋ ಬಿದ್ದು ಪೆಟ್ಟಾಗಿರಬೇಕೆಂದು ಹೇಳುತ್ತಿದ್ದರು. ಪಾಟ್ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ನೋಡಿದನು. ಸಾಮಾನ್ಯ ಪಾರ್ಶ್ವವಾಯುವಿನಲ್ಲಿ ಅಂಗ ಮೆತ್ತಗೆ ಜೋತುಬೀಳುತ್ತದೆ. ಈ ಮಕ್ಕಳ ಕಾಲುಗಳಾದರೋ ಬಿಗಿದು ಸೆಟೆದಿದ್ದವು. ಪೆಟ್ಟು ನಿಜವಾದ ಕಾರಣವಲ್ಲ, ಬೆನ್ನೆಲುಬಿನ ಮೂಳೆಗಳೇ ಒಳಗೆ ರೋಗದಿಂದ ಸವೆಯುತ್ತಿವೆ ಎಂದು ಆತನು ತೀರ್ಮಾನಿಸಿದನು. ಗೂನು ಆ ಸವೆತದ ಫಲ. ಕೂಸು ಜಾರಿತೆಂದು ತನ್ನನ್ನೇ ಶಪಿಸಿಕೊಳ್ಳುತ್ತಿದ್ದ ಎಷ್ಟು ತಾಯಂದಿರ ಎದೆಯ ಭಾರವನ್ನು ಈ ಮಾತು ಇಳಿಸಿರಬಹುದು!

ಆದರೆ ಆತನಿಗೆ ಸಿಕ್ಕಿದ್ದು ಅರ್ಧ ಸತ್ಯ. ಬೆನ್ನೆಲುಬಿನ ಇಕ್ಕೆಲಗಳಲ್ಲಿ ಹುಣ್ಣು ಮಾಡಿ ಕೀವು ಸುರಿಯಿಸುವುದು ಆತನು ಹೇಳಿದ ಚಿಕಿತ್ಸೆ. ಮುಂದಿನವರು ಅದನ್ನು ಕೈಬಿಟ್ಟರು. ಕ್ಷಯದ ಕ್ರಿಮಿಯನ್ನು ರಾಬರ್ಟ್ ಕೋಖ್ ಲೋಕಕ್ಕೆ ತೋರಿಸಿದ್ದು 1882ರಲ್ಲಿ. ಆ ಕ್ರಿಮಿಯನ್ನು ಎದುರಿಸಬಲ್ಲ ಸ್ಟ್ರೆಪ್ಟೊಮೈಸಿನ್ ದೊರೆತದ್ದು 1943ರಲ್ಲಿ. ಇಂದು ಬೆನ್ನೆಲುಬಿನ ಕ್ಷಯವನ್ನು ಬೇಗ ಗುರುತಿಸಿ, ತಿಂಗಳುಗಟ್ಟಲೆ ಬಿಡದೆ ಔಷಧ ಕೊಟ್ಟರೆ ಗುಣಪಡಿಸಬಹುದು. ಕಾರಣವೂ ಚಿಕಿತ್ಸೆಯೂ ಬದಲಾದರೂ ಹೆಸರು ಮಾತ್ರ ಬದಲಾಗಲಿಲ್ಲ.

ಚಿಮಣಿಗಳನ್ನು ಗುಡಿಸುತ್ತಿದ್ದ ಬಡ ಹುಡುಗರು ದೊಡ್ಡವರಾದ ಮೇಲೆ ಅವರಿಗೆ ಬರುತ್ತಿದ್ದ ಅರ್ಬುದಕ್ಕೆ ಹೊಗೆಯ ಮಸಿಯೇ ಕಾರಣವೆಂದು 1775ರಲ್ಲಿ ಬರೆದವನೂ ಇದೇ ಪಾಟ್. ರೋಗಿಯ ನಡತೆಯಲ್ಲಿ ತಪ್ಪು ಹುಡುಕದೆ ರೋಗದ ನೆಲೆಯನ್ನು ಹುಡುಕುವುದು ಆತನ ಬಾಳಿನ ರೀತಿಯಾಗಿತ್ತು. 1788ರ ಡಿಸೆಂಬರಿನಲ್ಲಿ, ಚಳಿಯಲ್ಲಿ ರೋಗಿಯೊಬ್ಬನನ್ನು ನೋಡಲು ಹೋಗಿ ಶೀತ ತಗಲಿ, 22ರಂದು ತೀರಿಕೊಂಡನು. ವ್ಯಾಧಿಯೊಂದಕ್ಕೆ ತನ್ನ ಹೆಸರು ಅಂಟಿಕೊಳ್ಳುವುದು ಮೇಲುನೋಟಕ್ಕೆ ಅಮಂಗಳದ ಕೀರ್ತಿ. ನನಗೆ ಹಾಗನ್ನಿಸುವುದಿಲ್ಲ. ಗೂನುಬೆನ್ನಿನ ಮಗುವಿನ ಮುಂದೆ ಒಬ್ಬನು ತಾಳ್ಮೆಯಿಂದ ಕುಳಿತು ನೋಡಿದನೆಂಬುದಕ್ಕೆ ಆ ಹೆಸರು ಸಾಕ್ಷಿ.